ತಪ್ಪಾಯಿತೆಂದು ಹೇಳಲು ನಂದಗಡಕ್ಕೆ ಹೋದ ಅಕ್ಕೋರು

ಅಕ್ಕೋರು ನಾಚಿಕೆಯಿಂದ ತಲೆ ತಗ್ಗಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಲಿಸಿದವರ ಸಿಟ್ಟು, ನಗು, ಅವರು ಬೈದ ಬೈಗಳು ಎಲ್ಲರಿಗೂ ನೆನಪಿರುತ್ತವೆ. ಅವರ ನಾಚಿಕೆಯನ್ನು ಹತ್ತಿರದಿಂದ ನೋಡುವ ಪ್ರಸಂಗ ಹೆಚ್ಚಿನವರಿಗೆ ಬರುವುದಿಲ್ಲ. ನನಗೆ ಬಂತು. ಬರೀ ನೋಡಿದೆ ಎಂದರೆ ಸುಳ್ಳಾದೀತು, ಆ ನಾಚಿಕೆಯಲ್ಲಿ ನನಗೂ ಪಾಲಿತ್ತು. ಹೋದ ತಿಂಗಳು ಖಾನಾಪುರದ ತಮ್ಮ ಮನೆಯಲ್ಲಿ ಅವರು ತೀರಿಕೊಂಡರು. ಅಂದಿನಿಂದ ಪಾಠ ಮಾಡುತ್ತಿರುವಾಗಲೂ ಅವರು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದಾರೆ ಅನ್ನಿಸಿ ಮಾತು ತೊದಲುತ್ತದೆ.

ಬೆಳಗಾವಿಯ ನಮ್ಮ ಕಾಲೇಜಿನಲ್ಲಿ ಅವರು ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಉಳಿದವರೆಲ್ಲ ಸರ್, ಮೇಡಂ, ಇವರೊಬ್ಬರೇ ಅಕ್ಕೋರು. ಪಿಎಚ್.ಡಿ. ಮಾಡುವುದಕ್ಕೆ ಮೊದಲು ಖಾನಾಪುರದ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು, ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಹಾಗೆಯೇ ಕರೆಯುವುದು. ಅಲ್ಲಿಯ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮ ಕಾಲೇಜಿಗೆ ಸೇರಿ, ಮೊದಲ ದಿನವೇ ಕಾರಿಡಾರಿನ ಆ ತುದಿಯಿಂದ "ನಮಸ್ಕಾರ್ರೀ ಅಕ್ಕೋರ" ಎಂದು ಕೂಗಿದನಂತೆ. ಮುಂದೆ ಪ್ರಿನ್ಸಿಪಾಲರ ಬಾಯಲ್ಲೂ ಅದೇ ಹೆಸರು ನಿಂತಿತು.

ಅವರ ಹುಟ್ಟೂರು ನಂದಗಡ. ಕುರಿ ಕಾಯುವ ಮನೆತನ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಹಿಂಡಿನ ಕೋಲು ಅಣ್ಣನ ಕೈಗೆ ಬಂತು. ತಾನು ಶಾಲೆ ಬಿಟ್ಟ ಆ ಅಣ್ಣ ತಂಗಿಯನ್ನು ಮಾತ್ರ ಬಿಡಗೊಡಲಿಲ್ಲ. "ನಮ್ಮ ಮನ್ಯಾಗ ಒಬ್ಬರರ ಪುಸ್ತಕ ಹಿಡೀಲಿ" ಎಂದು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಖಾನಾಪುರದ ಹೈಸ್ಕೂಲಿಗೆ ಬಿಟ್ಟು ಬರುತ್ತಿದ್ದರಂತೆ. ಇದನ್ನು ಅಕ್ಕೋರು ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ ಮಾತ್ರ, "ಯಾರೂ ಕೇಳಲಿಲ್ಲ, ನಾನೂ ಕೇಳಾಕ ಹೋಗಲಿಲ್ಲ. ಮುಂದಿನ ಪ್ರಶ್ನೆ?" ಎಂದು ಕ್ಲಾಸಿನಲ್ಲಿ ಕೇಳಿದ ಹಾಗೆ ಕೇಳಿಬಿಡುತ್ತಿದ್ದರು.

ನಾನು ವಡಗಾವಿಯ ಹುಡುಗಿ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಪವರ್‌ಲೂಮ್ ದಿನವಿಡೀ ಬಡಿಯುತ್ತಿತ್ತು. ಪ್ರಯೋಗಾಲಯದಲ್ಲಿ ಸದ್ದಿಲ್ಲದೆ ಕೂತು ಕೆಲಸ ಮಾಡಬಹುದೆಂಬ ಒಂದೇ ಆಸೆಗೆ ನಾನು ಸಂಶೋಧನೆಗೆ ಸೇರಿದವಳು. ಮೊದಲ ದಿನ ಅಕ್ಕೋರು ನನ್ನ ಅಂಕಪಟ್ಟಿಯನ್ನು ಬಿಚ್ಚಲೂ ಇಲ್ಲ.

"ಕುರಿ ತಲಿ ಒಡದದ್ದು ನೋಡೀಯೇನು?"

"ಇಲ್ರಿ. ನಾವು ಲಿಂಗವಂತರ್ರಿ."

"ಲಿಂಗವಂತರಿಗೂ ತಲ್ಯಾಗ ಪಿಟ್ಯುಟರಿ ಇರ್ತೈತಿ. ನಾಳೆ ಮುಂಜಾನಿ ಮಟನ್ ಮಾರ್ಕೆಟಿಗೆ ಬಾ. ನೋಡಿ ಓಡಿ ಹೋದ್ರ ಬ್ಯಾರೆ ಗೈಡ್ ಹುಡುಕ್ಕೋ."

ಓಡಿ ಹೋಗಲಿಲ್ಲ. ಮೂಗಿಗೆ ದುಪಟ್ಟಾ ಒತ್ತಿಕೊಂಡು ನಿಂತೆ. ಅಂಗಡಿಯ ಚಾಚಾ ತಲೆ ಸೀಳಿ ಕೊಟ್ಟರೆ ಅಕ್ಕೋರು ಮಿದುಳನ್ನು ಬೆರಳಿನಿಂದ ಮೆಲ್ಲಗೆ ಎತ್ತಿ, ಅದರ ಕೆಳಗೆ ಎಲುಬಿನ ಸಣ್ಣ ಗೂಡಿನಲ್ಲಿ ಕೂತಿದ್ದ ಅವರೆಕಾಳಿನಷ್ಟು ಪಿಟ್ಯುಟರಿ ಗ್ರಂಥಿಯನ್ನು ಚಿಮಟದಿಂದ ಬಿಡಿಸಿಕೊಳ್ಳುತ್ತಿದ್ದರು. ತಲೆ ಚಾಚಾನಿಗೆ ವಾಪಸ್. ಗ್ರಂಥಿ ಮಂಜುಗಡ್ಡೆ ತುಂಬಿದ ಸ್ಟೀಲಿನ ಡಬ್ಬಿಗೆ. ತಲೆ ವಾಪಸ್ ಕೊಡುವ ಮೊದಲು ಕುರಿಯ ತುಟಿ ಸರಿಸಿ ಹಲ್ಲು ನೋಡಿ, "ಇದು ಮುದಿ ಕುರಿ ಚಾಚಾ, ಎಳೀದು ಅಂತ ಮಾರಬ್ಯಾಡ್ರಿ" ಎಂದು ಗಿರಾಕಿಗಳ ಎದುರೇ ಹೇಳುವರು. "ಬಾಯಿ, ನೀವು ಧಂದೇಕ ಇಳದಿದ್ರ ನಾವೆಲ್ಲಾ ಅಂಗಡಿ ಮುಚ್ಚಬೇಕಾಗ್ತಿತ್ತು" ಎಂದು ಚಾಚಾ ಕೈ ಮುಗಿಯುತ್ತಿದ್ದ. ಶಹಾಪುರದ ನೂಲಿನ ಸೀರೆ, ಎತ್ತಿ ಸಿಕ್ಕಿಸಿದ ಸೆರಗು, ಕೈಯಲ್ಲಿ ಡಬ್ಬಿ. ಸ್ಕೂಟರ್ ಏರಿ ಕಾಲೇಜಿನ ಕಡೆಗೆ ಹೊರಟರೆ ಯಾರೋ ಮನೆಯೊಡತಿ ಅಡಿಗೆಗೆ ಮಾಂಸ ಒಯ್ಯುತ್ತಿದ್ದಾಳೆ ಎಂದೇ ಜನ ತಿಳಿಯಬೇಕು. ಅವರದು ಗುಡ್ಡದಿಂದ ಗುಡ್ಡಕ್ಕೆ ಕೂಗಿ ಅಭ್ಯಾಸವಾದ ದನಿ. ಸೂಕ್ಷ್ಮದರ್ಶಕದ ಕತ್ತಲೆ ಕೋಣೆಯಲ್ಲಿ ಮಾತ್ರ ಮಲಗಿದ ಕೂಸಿನ ಪಕ್ಕ ಕೂತವರಂತೆ ಪಿಸುಗುಡುತ್ತಿದ್ದರು.

ಅವರು ಹುಡುಕುತ್ತಿದ್ದದ್ದು ಏನೆಂದು ಇಲ್ಲಿ ಹೇಳಲೇಬೇಕು. ಆ ಕಾಳಿನಷ್ಟು ಗ್ರಂಥಿಯ ಕೋಶಗಳು ಪೆಪ್ಟೈಡ್ ಹಾರ್ಮೋನು ತಯಾರಿಸುತ್ತವೆ. ಅಮೈನೊ ಆಮ್ಲಗಳನ್ನು ಮಣಿಯಂತೆ ಪೋಣಿಸಿ ಮಾಡಿದ ಉದ್ದನೆಯ ಸರ ಅದು. ತಯಾರಾದದ್ದನ್ನು ಕೋಶ ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿಟ್ಟುಕೊಂಡು ಬೇಕಾದಾಗ ಹೊರಗೆ ಬಿಡುತ್ತದೆ. ರಕ್ತದಲ್ಲಿ ಹರಿದು ಅದು ಕೆಚ್ಚಲಿಗೆ ಹಾಲು ತುಂಬಲು ಹೇಳುತ್ತದೆ, ಎಳೆಯ ಮೂಳೆಗೆ ಬೆಳೆಯಲು ಹೇಳುತ್ತದೆ. ಪಠ್ಯಪುಸ್ತಕ ಇಲ್ಲಿಗೆ ನಿಲ್ಲುತ್ತಿತ್ತು. ಅಕ್ಕೋರ ಪ್ರಶ್ನೆ ಅಲ್ಲಿಂದ ಹಿಂದಕ್ಕೆ ತಿರುಗಿತ್ತು. ಹೊರಗೆ ಬಿಟ್ಟ ಹಾರ್ಮೋನನ್ನು ಅದೇ ಕೋಶ ಮತ್ತೆ ಒಳಗೆ ಎಳೆದುಕೊಳ್ಳುತ್ತದೆಯೇ? ಎಳೆದುಕೊಂಡರೆ ಅದನ್ನು ಏನು ಮಾಡುತ್ತದೆ?

ಹಾರ್ಮೋನಿಗೆ ಬೆಳಕು ಬೀರುವ ಒಂದು ಬಣ್ಣವನ್ನು ಅಂಟಿಸಿ, ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಹಾಕಿದೆವು. ಸ್ವಲ್ಪ ಹೊತ್ತು ಬಿಟ್ಟು ತೊಳೆದು ನೋಡಿದಾಗ ಕೋಶಗಳ ಒಳಗೆ ಹಸಿರು ಚುಕ್ಕಿಗಳು ಕಂಡವು. ತಾಸು ಕಳೆದಂತೆ ಚುಕ್ಕಿ ಹೆಚ್ಚಾದವು. ಕೋಶವನ್ನು ಕೆಣಕಿದರೆ ಹಸಿರು ಮತ್ತೆ ಹೊರಗೆ ಬಂತು. ಆ ಚುಕ್ಕಿಗಳನ್ನು ಕತ್ತಲೆಯಲ್ಲಿ ಕಣ್ಣು ನೋಯುವ ತನಕ ಎಣಿಸಿದವಳು ನಾನೇ. ಅಕ್ಕೋರು ತೀರ್ಮಾನಕ್ಕೆ ಬಂದರು: ಕೋಶ ತನ್ನ ಹಾರ್ಮೋನನ್ನು ವಾಪಸ್ ತೆಗೆದುಕೊಂಡು, ಮುರಿಯದೆ, ಇಡಿಯಾಗಿಯೇ ಮತ್ತೆ ಚೀಲದಲ್ಲಿ ಕೂಡಿಟ್ಟು, ಮತ್ತೊಮ್ಮೆ ಬಳಸುತ್ತದೆ. ಹಾಗೆಂದು ಪರದೇಶದ ಪತ್ರಿಕೆಯೊಂದರಲ್ಲಿ ಲೇಖನ ಬಂತು. ಅವರ ಹೆಸರಿನ ಪಕ್ಕ ನನ್ನ ಹೆಸರಿತ್ತು.

ಆಮೇಲಿನ ದಿನಗಳು ಹಬ್ಬದಂತಿದ್ದವು. ಊರಿನ ಪೇಪರಿನಲ್ಲಿ ಫೋಟೊ, ಅಲ್ಲಲ್ಲಿ ಭಾಷಣ. ಅಕ್ಕೋರು ಅದನ್ನು ಚೆನ್ನಾಗಿ ಸವಿದರು ಎಂದು ಹೇಳಿದರೆ ಅವರಿಗೆ ಅಗೌರವವಾಗದು, ಏಕೆಂದರೆ ಮುಂದೆ ಅವರೇ ಅದನ್ನು ನೂರು ಸಲ ಹೇಳಿಕೊಂಡು ಹಳಿದುಕೊಂಡರು. ಹೊಸ ಸೀರೆ ಕೊಂಡರು. ಯಾರಾದರೂ ಸಂಶಯ ಎತ್ತಿದರೆ "ಅದನ್ನ ಮತ್ತ ನೋಡೂದೇನು, ಅದು ಆತು" ಎನ್ನತೊಡಗಿದರು. ಭಾಷಣಕ್ಕೆ ಅವರೊಂದು ಮಾತು ಕಟ್ಟಿಕೊಂಡಿದ್ದರು: "ಮುಂಜಾನಿ ಮೇಯಾಕ ಬಿಟ್ಟ ಕುರಿ ಸಂಜಿಕ ದೊಡ್ಡಿಗೆ ತಿರುಗಿ ಬರ್ತಾವಲ್ಲ? ಮರುದಿನ ಮತ್ತ ಮೇಯಾಕ ಹೊಂಡತಾವಲ್ಲ? ಹಾರ್ಮೋನೂ ಹಂಗ." ನಂದಗಡದ ಶಾಲೆಯ ಅಂಗಳದಲ್ಲಿ ಅಣ್ಣ ಸನ್ಮಾನ ಇಟ್ಟುಕೊಂಡಾಗ ಈ ಮಾತಿಗೆ ಮುದುಕಿಯರೂ ತಲೆದೂಗಿದರು. ಆಗ ಪಂಚಾಯ್ತಿ ಸದಸ್ಯರಾಗಿದ್ದ ಅಣ್ಣ ತಂಗಿಗೆ ಕರಿ ಕಂಬಳಿ ಹೊದಿಸಿ, ಮೈಕಿನಲ್ಲಿ, "ನಮ್ಮ ತಂಗಿ ಕುರಿ ಕಾಯೂದು ಹೆಂಗಂತ ಫಾರಿನ್ನಿನವರಿಗೆ ಕಲಿಸ್ಯಾಳ್ರೀ!" ಎಂದು ಕೂಗಿದರು. ಎಲ್ಲರೂ ನಕ್ಕೆವು. ಅಣ್ಣನಂತೂ ನಗುತ್ತಲೇ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಬೇರೊಂದು ಊರಿನಲ್ಲಿ ನಡೆದ ಸಮ್ಮೇಳನದಲ್ಲಿ ಅಕ್ಕೋರ ಭಾಷಣ ಮುಗಿದ ಮೇಲೆ ವಯಸ್ಸಾದ ವಿಜ್ಞಾನಿಯೊಬ್ಬರು ಎದ್ದು ನಿಂತರು. ಕೋಟು ತುಸು ಹಳೆಯದು, ದನಿ ಸಣ್ಣದು. "ನೀವು ನೋಡಿದ್ದು ಬೆಳಕನ್ನು. ಆ ಬೆಳಕಿನ ಜೊತೆ ಹಾರ್ಮೋನು ಇತ್ತು ಎಂದು ಹೇಗೆ ಹೇಳುತ್ತೀರಿ?" ಎಂದರು.

ಅಕ್ಕೋರು ಕ್ಷಣವೂ ತಡೆಯಲಿಲ್ಲ. "ಕೊರಳಿನ ಗಂಟೆಯ ಸದ್ದು ಕೇಳಿದರೆ ಕುರಿ ಬಂತು ಎಂದು ನಮ್ಮೂರ ಕೂಸಿಗೂ ಗೊತ್ತಾಗುತ್ತದೆ" ಎಂದರು. ಸಭೆ ಗೊಳ್ಳೆಂದು ನಕ್ಕಿತು. ಆ ಹಿರಿಯರೂ ಸಣ್ಣಗೆ ನಕ್ಕು, ತಲೆಯಾಡಿಸಿ ಕೂತುಬಿಟ್ಟರು.

ಮರಳುವ ರೈಲಿನಲ್ಲಿ ಅಕ್ಕೋರು ಬುತ್ತಿ ಬಿಚ್ಚಲಿಲ್ಲ. ನಾನು ರೊಟ್ಟಿ, ಶೇಂಗಾ ಚಟ್ನಿ ಮುಂದಿಟ್ಟರೆ ಕಿಟಕಿಯ ಕಡೆಗೆ ತಿರುಗಿದರು. ಘಟಪ್ರಭಾ ದಾಟಿದ ಮೇಲೆ ಒಮ್ಮೆಲೇ ಕೇಳಿದರು.

"ಗಂಟಿ ಅಷ್ಟ ಬಂದಿದ್ರ?"

ನನಗೆ ಅರ್ಥವಾಗಲಿಲ್ಲ. "ಏನ್ರಿ ಅಕ್ಕೋರ?"

"ಕುರಿ ಬರದ ಗಂಟಿ ಅಷ್ಟ ಬಂದಿದ್ರ ಏನ್ ಮಾಡೂದು ಅಂತ ಕೇಳಾಕತ್ತೇನಿ."

ಹಾರ್ಮೋನು ಇಡಿಯಾಗಿದೆಯೇ ಎಂದು ನಾವು ಪರೀಕ್ಷಿಸಿರಲಿಲ್ಲ ಎಂದಲ್ಲ. ಪರೀಕ್ಷಿಸಿದ್ದೆವು. ಆದರೆ ಅದು ಕೋಶದೊಳಗೆ ಹೊಕ್ಕ ಹೊಸದರಲ್ಲಿ, ಮೊದಲ ಕೆಲವು ನಿಮಿಷಗಳಲ್ಲಿ. ಆಗ ಅದು ಇಡಿಯಾಗಿಯೇ ಇತ್ತು. ಮುಂದಿನ ತಾಸುಗಳಲ್ಲೂ ಹಾಗೇ ಇರುತ್ತದೆ ಎಂದು ಊಹಿಸಿಬಿಟ್ಟಿದ್ದೆವು. ಬೆಳಗಾವಿಗೆ ಬಂದ ಮರುದಿನವೇ ಅಕ್ಕೋರು ಮಟನ್ ಮಾರ್ಕೆಟಿಗೆ ಹೋಗಿ ಹೊಸ ಗ್ರಂಥಿಗಳನ್ನು ತಂದರು. ಕೋಶಗಳನ್ನು ಬೆಳೆಸಿ, ಬಣ್ಣ ಅಂಟಿಸಿದ ಹಾರ್ಮೋನು ಕೊಟ್ಟು, ಈ ಸಲ ಬಹಳ ಹೊತ್ತು ಬಿಟ್ಟು, ಕೋಶಗಳನ್ನು ಒಡೆದು ಒಳಗಿನದನ್ನು ಜೆಲ್ ಮೇಲೆ ಓಡಿಸಿದೆವು. ಅಂಟಿನ ಹಾಳೆಯಂಥ ಆ ಜೆಲ್ಲಿನಲ್ಲಿ ದೊಡ್ಡ ಸರ ಹಿಂದೆ ಉಳಿಯುತ್ತದೆ, ಚೂರುಗಳು ಮುಂದೆ ಓಡುತ್ತವೆ. ಇಡೀ ಹಾರ್ಮೋನು ಇದ್ದರೆ ಹಸಿರು ಗೆರೆ ಮೇಲೆ ಕಾಣಬೇಕು.

ಮೇಲೆ ಏನೂ ಇರಲಿಲ್ಲ. ಹಸಿರೆಲ್ಲ ಕೆಳಗಿನ ಅಂಚಿಗೆ ಹೋಗಿ ಕೂತಿತ್ತು. ಕೋಶ ಹಾರ್ಮೋನನ್ನು ಒಳಗೆ ತೆಗೆದುಕೊಂಡು ಚೂರುಚೂರು ಮಾಡಿತ್ತು. ಬಣ್ಣ ಮಾತ್ರ ಯಾವುದೋ ಚೂರಿಗೆ ಅಂಟಿಕೊಂಡು ಹೊಳೆಯುತ್ತಿತ್ತು. ನಾವು ಜಗತ್ತಿಗೆ ತೋರಿಸಿದ್ದು ಆ ಹೊಳಪನ್ನು.

ಮತ್ತೆ ಮಾಡಿದೆವು. ಮತ್ತೂ ಅದೇ. ಅಕ್ಕೋರು ಕತ್ತಲೆ ಕೋಣೆಯ ಸ್ಟೂಲಿನ ಮೇಲೆ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು, ಬೆವರು ಇರಲಿಲ್ಲ. ಲೇಖನದ ಮಾತು, ನನ್ನ ಥೀಸಿಸ್ಸಿನ ಮಾತು ಬರಬಹುದೆಂದು ಕಾದೆ. ಅವರ ಬಾಯಿಂದ ಬಂದದ್ದು ಬೇರೆ.

"ಆ ಹಿರ್ಯಾರನ್ನ ನಗ್ಯಾಡಿ ಕುಂದರಿಸಿಬಿಟ್ನೆಲ್ಲವಾ."

ಅವತ್ತು ಮಧ್ಯಾಹ್ನ ಆ ಹಿರಿಯ ವಿಜ್ಞಾನಿಯ ಫೋನ್ ನಂಬರು ಹುಡುಕಿಸಿ, ನನ್ನೆದುರೇ ಫೋನ್ ಮಾಡಿದರು. ನಿಂತುಕೊಂಡು ಮಾತಾಡಿದರು. ನೀವು ಕೇಳಿದ ಪ್ರಶ್ನೆ ಸರಿಯಾಗಿತ್ತು, ನಾನು ಉತ್ತರ ಕೊಡದೆ ನಗೆಯಾಡಿದೆ, ತಪ್ಪಾಯಿತು ಎಂದರು. ಆ ಕಡೆಯಿಂದ ಏನೋ ಹೇಳಿದ್ದು ಕೇಳಿ ಫೋನ್ ಇಟ್ಟರು.

"ಏನಂದ್ರರೀ?"

"ಅವರಿಗೆ ನೆನಪ ಇಲ್ಲಂತ. ಭಾಳ ಮಂದಿಗೆ ಭಾಳ ಪ್ರಶ್ನೆ ಕೇಳ್ತಿರ್ತೇನಿ ಅಂದ್ರು." ಫೋನನ್ನು ಮೇಜಿನ ಮೂಲೆಗೆ ಸರಿಸಿ, "ನನಗಷ್ಟ ನೆನಪ ಐತಿ" ಎಂದರು.

ಲೇಖನವನ್ನು ಹಿಂದೆಗೆದುಕೊಳ್ಳುತ್ತೇನೆ ಎಂದು ವಿಭಾಗದ ಮುಖ್ಯಸ್ಥರಿಗೆ ಹೇಳಲು ಹೋದಾಗ ನಾನೂ ಜೊತೆಗಿದ್ದೆ. ಅವರು ಕೆಟ್ಟವರಲ್ಲ. ಬಾಗಿಲು ಮುಂದೆ ಮಾಡಿ, ಮೆಲ್ಲನೆ ಬುದ್ಧಿ ಹೇಳಿದರು. "ಅಕ್ಕೋರ, ನಿಮ್ಮನ್ನ ಯಾರರ ಕೇಳ್ಯಾರೇನು? ಮುಂದ ಯಾರರ ಮಾಡಿ ನೋಡಿ ತಪ್ಪೈತಿ ಅಂತ ಬರೀತಾರ, ಆವಾಗ ನೋಡೂಣಂತ. ಸುಮ್ಮ ನೀವಾಗೇ ಯಾಕ ಮೈಮ್ಯಾಲ ಎಳಕೋತೀರಿ? ಈ ಹುಡುಗೀದರ ವಿಚಾರ ಮಾಡ್ರಿ."

"ಕೇಳ್ಯಾರ್ರಿ" ಎಂದರು ಅಕ್ಕೋರು. "ಒಬ್ರು ಕೇಳಿದ್ರು." ನನ್ನ ಕಡೆ ತಿರುಗಿದರು. "ನೀ ಏನಂತಿ?"

ನನಗೆ ಅಳು ಬಂದಿತ್ತು. ಆದರೆ ಆ ಚುಕ್ಕಿಗಳನ್ನು ನಾನೂ ನೋಡಿದ್ದೆ, ಆ ಜೆಲ್ಲನ್ನೂ ನೋಡಿದ್ದೆ. ಹೂಂ ಎಂದು ತಲೆಯಾಡಿಸಿದೆ. ಲೇಖನ ಹಿಂದೆಗೆದುಕೊಂಡ ಸುದ್ದಿ ಆ ಪತ್ರಿಕೆಯಲ್ಲೇ ಅಚ್ಚಾಯಿತು.

ನಾಚಿಕೆ ಎಂಬುದು ಮನಸ್ಸಿನಲ್ಲಿ ಮಾತ್ರ ಇರುತ್ತದೆ ಎಂದು ತಿಳಿದಿದ್ದೆ. ಅದು ಮೈಯಲ್ಲಿರುತ್ತದೆ ಎಂಬುದು ಆ ತಿಂಗಳುಗಳಲ್ಲಿ ಗೊತ್ತಾಯಿತು. ಕ್ಯಾಂಟೀನಿನಲ್ಲಿ ಯಾರಾದರೂ ಮೆಲ್ಲಗೆ ಮಾತಾಡಿದರೆ ನನ್ನ ಕಿವಿ ಬಿಸಿಯಾಗುತ್ತಿತ್ತು. ಅಕ್ಕೋರು ಮುಂದಿನ ಮೆಟ್ಟಿಲು ಬಿಟ್ಟು ಹಿಂದಿನ ಮೆಟ್ಟಿಲು ಹತ್ತತೊಡಗಿದರು. ಆ ದೊಡ್ಡ ದನಿ ಅಡಗಿಹೋಯಿತು, ಹಾಜರಿ ಕೂಗುವಾಗ ಹುಡುಗರು "ಕೇಳಸಂಗಿಲ್ರಿ ಅಕ್ಕೋರ" ಎನ್ನುವಷ್ಟು. ಕಾಲೇಜಿನ ಸೆಮಿನಾರಿನಲ್ಲಿ ನಿಂತು, ಮೊದಲ ಲೇಖನದಲ್ಲಿ ತಪ್ಪಾದದ್ದು ಎಲ್ಲಿ, ಅದು ಹೇಗೆ ತಿಳಿಯಿತು ಎಂದು ವಿವರಿಸಿದರು. ಮುಗಿದಾಗ ಒಬ್ಬರು ರೂಢಿಯಂತೆ ಚಪ್ಪಾಳೆ ತಟ್ಟಲು ಶುರುಮಾಡಿ, ಉಳಿದವರು ಸುಮ್ಮನಿದ್ದದ್ದು ನೋಡಿ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡರು. ಅದನ್ನು ನೋಡಿದ್ದು ನನಗಿನ್ನೂ ನುಂಗಲಾಗಿಲ್ಲ.

ಅಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದೆ. ಒಂದು ದಿನ ಅಕ್ಕೋರು, "ನಂದಗಡಕ್ಕ ಹೋಗಬೇಕು. ನೀ ಬರ್ತೀಯೇನು?" ಎಂದರು.

"ಅಲ್ಲಿ ಯಾಕ್ರಿ? ಅವರೇನು ಆ ಪತ್ರಿಕಿ ಓದತಾರೇನ್ರಿ?"

"ಓದಂಗಿಲ್ಲ, ಅದಕ್ಕ ಹೋಗಬೇಕು. ಅವರಿಗೆ ಬಾಯಿಲೆ ಹೇಳೇನಿ. ಬಾಯಿಲೇ ವಾಪಸ್ ತೊಗೋಬೇಕು."

ಸಂತೆಯ ದಿನ ಹೋದೆವು. ಖಾನಾಪುರದ ತನಕ ಕಂಡಕ್ಟರನ ಜೊತೆ ಮರಾಠಿಯಲ್ಲಿ ಹರಟಿದ ಅಕ್ಕೋರು ಅಲ್ಲಿಂದ ಮುಂದೆ ಮಾತು ನಿಲ್ಲಿಸಿದರು. ಸನ್ಮಾನಕ್ಕೆ ಬಂದಿದ್ದವರನ್ನೆಲ್ಲ ಸೇರಿಸು, ಒಂದು ಮಾತು ಹೇಳುವುದಿದೆ ಎಂದು ಅಣ್ಣನಿಗೆ ಫೋನಿನಲ್ಲಿ ತಿಳಿಸಿದ್ದರು. ಅಣ್ಣ ಅದನ್ನು ಬೇರೆಯೇ ಆಗಿ ತಿಳಿದಿದ್ದರು. ಶಾಲೆಯ ಅಂಗಳದಲ್ಲಿ ಕುರ್ಚಿ ಹಾಕಿಸಿದ್ದರು. ಬಿಳಿ ಅಂಗಿ ತೊಟ್ಟು, ಕೈಯಲ್ಲಿ ಹಾರ ಹಿಡಿದು ನಿಂತಿದ್ದರು. ತಂಗಿಗೆ ಇನ್ನೂ ದೊಡ್ಡ ಪ್ರಶಸ್ತಿ ಬಂದಿದೆ ಎಂದು ಅವರ ನಂಬಿಕೆ. ಅಕ್ಕೋರು ಹಾರವನ್ನು ನೋಡಿ ಹೆಜ್ಜೆ ನಿಲ್ಲಿಸಿದ್ದು ನನಗೆ ಕಂಡಿತು. ಕೊರಳು ಒಡ್ಡಲಿಲ್ಲ. ಹಾರವನ್ನು ಕೈಯಲ್ಲಿ ಇಸಿದುಕೊಂಡು ಮೇಜಿನ ಮೇಲೆ ಇಟ್ಟರು.

"ಅವತ್ತ ನಾ ನಿಮಗ ಹೇಳಿದ್ದು ತಪ್ಪ ಇತ್ತು" ಎಂದು ಶುರುಮಾಡಿದರು. "ಕುರಿ ತಿರುಗಿ ದೊಡ್ಡಿಗೆ ಬಂದಂಗ ಹಾರ್ಮೋನು ತಿರುಗಿ ಬಂದು ಹಂಗ ಇರತೈತಿ ಅಂತ ಹೇಳಿದ್ನಿ. ಹಂಗ ಇರಂಗಿಲ್ಲ. ನಾ ಬರೋಬ್ಬರಿ ನೋಡಲಾರದ ಹೇಳಿದ್ನಿ."

ಮುದುಕನೊಬ್ಬ, "ಹಂಗಾರ ಕುರಿ ತಿರುಗಿ ಬರಂಗೇ ಇಲ್ಲೇನವಾ?" ಎಂದ. ನಗು ಎದ್ದಿತು.

"ಬರ್ತಾವ ಕಾಕಾ, ಒಳಗ ಬರ್ತಾವ. ಬಂದ ಮ್ಯಾಲ ಏನಾಗತೈತಿ ಅಂದ್ರ..."

"ಸಾಕ ಮಾಡ" ಎಂದರು ಅಣ್ಣ. ಮುಖ ಕೆಂಪಾಗಿತ್ತು.

"ಪೂರಾ ಹೇಳ್ತೇನಿ ತಡಿ ಅಣ್ಣಾ."

"ಏನ್ ಪೂರಾ ಹೇಳ್ತಿ? ಸುಳ್ಳ ಹೇಳಿ ಕಂಬಳಿ ಹೊಚ್ಚಿಸ್ಕೊಂಡ್ನಿ ಅಂತ ಇನ್ನೂ ಡಂಗುರಾ ಹೊಡಿಸ್ತಿಯೇನು?"

"ಸುಳ್ಳಲ್ಲಣ್ಣಾ. ತಪ್ಪು."

"ಊರಿಗೆ ಎರಡೂ ಒಂದ!" ಎಂದು ಅಣ್ಣ ಎದ್ದು ಹೊರಟುಬಿಟ್ಟರು. ಅವರ ಹಿಂದೆ ನಾಲ್ಕು ಜನ, ಅವರ ಹಿಂದೆ ಮತ್ತೆ ಕೆಲವರು. ಸಂತೆಗೆ ಹೊತ್ತಾಯಿತೆಂದು ಉಳಿದವರೂ ಚೀಲ ಎತ್ತಿಕೊಂಡರು. ಅಕ್ಕೋರು ಅರ್ಧ ಮಾತನ್ನು ಬಾಯಲ್ಲಿ ಇಟ್ಟುಕೊಂಡು ಖಾಲಿ ಕುರ್ಚಿಗಳ ಎದುರು ನಿಂತಿದ್ದರು. ಅವರ ಪಕ್ಕ ನಿಂತ ನನಗೆ, ಭೂಮಿ ಬಾಯಿ ಬಿಟ್ಟರೆ ಒಳಗೆ ಹೋದೇನು ಅನ್ನಿಸಿತ್ತು. ಬಸ್ಸಿನಲ್ಲಿ ಆ ಊರಿನವರೂ ಇದ್ದರು. ಯಾರ ಕಣ್ಣಿಗೂ ಕಣ್ಣು ಕೊಡದೆ ನಾನು ಕಿಟಕಿಗೆ ಮುಖ ಹಚ್ಚಿ ಕೂತೆ. ಅಕ್ಕೋರು ಮಾತ್ರ ನೇರವಾಗಿ ಕೂತು, ಮುಂದಿನ ಸೀಟಿನ ಸರಳು ಹಿಡಿದುಕೊಂಡು, "ಅರ್ಧಾ ಹೇಳಿದ್ನಿ" ಎಂದರು. "ಅರ್ಧಾ ಅಷ್ಟ."

ಅಣ್ಣ ಮತ್ತೆ ಅವರ ಜೊತೆ ಮಾತಾಡಲಿಲ್ಲ. ಅಣ್ಣನ ಮಗಳ ಮದುವೆಯ ಕಾರ್ಡು ಕಾಲೇಜಿನ ಇನ್ನೊಬ್ಬರಿಗೆ ಬಂತು, ಅಕ್ಕೋರಿಗೆ ಬರಲಿಲ್ಲ. ಮದುವೆಯ ದಿನ ಅಕ್ಕೋರು ಎಂದಿನಂತೆ ಮಟನ್ ಮಾರ್ಕೆಟಿಗೆ ಹೋಗಿ ಡಬ್ಬಿ ತಂದರು, ಎಂದಿನಂತೆ ಕೆಲಸ ಮಾಡಿದರು. ನಾವು ಮತ್ತೆ ಮೊದಲಿನಿಂದ ಶುರುಮಾಡಿದ್ದೆವು. ಕೋಶ ಒಳಗೆ ತೆಗೆದುಕೊಂಡ ಹಾರ್ಮೋನನ್ನು ಎಲ್ಲಿಗೆ ಒಯ್ಯುತ್ತದೆ, ಎಷ್ಟು ಹೊತ್ತಿನಲ್ಲಿ ಹೇಗೆ ಕತ್ತರಿಸುತ್ತದೆ ಎಂದು. ಈ ಸಲ ಅಕ್ಕೋರು ಪ್ರತಿ ಹೆಜ್ಜೆಗೂ "ಇದು ಖರೇ ಅಂತ ನಿನಗ ಯಾರ್ ಹೇಳಿದ್ರು?" ಎಂದು ಕೇಳಿ ನನ್ನ ಜೀವ ತಿಂದರು. ಸಣ್ಣ ಪತ್ರಿಕೆಯಲ್ಲಿ ಸಣ್ಣ ಲೇಖನ ಬಂತು. ಯಾರೂ ಭಾಷಣಕ್ಕೆ ಕರೆಯಲಿಲ್ಲ. ನನಗೆ ಪದವಿ ತಡವಾಗಿ ಸಿಕ್ಕಿತು, ಆ ಸಣ್ಣ ಕೆಲಸದ ಮೇಲೆಯೇ ಸಿಕ್ಕಿತು.

ದನಿ ಮೆಲ್ಲಮೆಲ್ಲನೆ ಮರಳಿತು. ಪ್ರಯೋಗ ಕೆಡಿಸಿಕೊಂಡು, ಸರಿಯಾಗಿದೆ ಎಂದು ಬರೆದುಕೊಟ್ಟು, ಆಮೇಲೆ ಹೆದರಿ ಬಂದು ಅಳುತ್ತ ನಿಂತ ವಿದ್ಯಾರ್ಥಿನಿಯೊಬ್ಬಳಿಗೆ ಅವರು ಹೇಳಿದ್ದು ಬಾಗಿಲಾಚೆ ನಿಂತಿದ್ದ ನನಗೂ ಕೇಳಿತು. "ನಾಚಿಕಿ ಬಂತೇನು? ಬರಲಿ. ಬಂದ್ರ ಸಾಯಂಗಿಲ್ಲ. ಹೋಗಿ ಉಂಡು ಬಾ, ಎಲ್ಲಿ ತಪ್ಪೇತಿ ನೋಡೂಣು." ಬೈಯಲಿಲ್ಲ. ಆದರೆ ತಮ್ಮ ಬಗ್ಗೆ ಅವರು ಹಾಗೆ ಸುಲಭವಾಗಿರಲಿಲ್ಲ. ನಿವೃತ್ತಿಯಾಗಿ ಖಾನಾಪುರದಲ್ಲಿದ್ದಾಗ ಒಮ್ಮೆ ಅವರ ಮನೆಗೆ ಹೋಗಿದ್ದೆ. ಶೇಂಗಾ ಸುಲಿಯುತ್ತ ಕೂತಿದ್ದರು. ಮಾತಿನ ನಡುವೆ, "ಈಗ ಮನಸ ಹಗುರ ಆಗೇತಿಲ್ರಿ ಅಕ್ಕೋರ?" ಎಂದು ಕೇಳಿಬಿಟ್ಟೆ.

"ಇಲ್ಲವಾ" ಎಂದರು. "ಲೇಖನದ್ದು ಬಿಡು, ಅದು ಆತು. ಆ ಸಮ್ಮೇಳನದಾಗ ಮಂದಿ ನಕ್ಕರಲ್ಲ, ಅದು ಈಗೂ ಕೇಳಸ್ತೈತಿ. ನಗಿಸಿದಾಕಿ ನಾನಽ ಅಲ್ಲ?"

ಮೊನ್ನೆ ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಅವರ ಜೊತೆ ಕೆಲಸ ಮಾಡಿದವರು ಬಹಳ ಜನ ಈಗ ಇಲ್ಲ. ಮುಂದಿನ ಸಾಲಿನಲ್ಲಿ ಅಣ್ಣನನ್ನು ಕೂರಿಸಿದ್ದರು. ಮೈ ಇಳಿದು, ಹೆಗಲ ಮೇಲಿನ ಟವೆಲ್ಲು ದೊಡ್ಡದಾಗಿ ಕಾಣುತ್ತಿತ್ತು. ಹೊಸದಾಗಿ ಬಂದ ಪ್ರಿನ್ಸಿಪಾಲರು ಯಾರೋ ಹಳೆಯ ಪೇಪರಿನಿಂದ ತೆಗೆದುಕೊಟ್ಟದ್ದನ್ನು ಓದಿದರು. "ಕೋಶವು ತಾನು ಸ್ರವಿಸಿದ ಹಾರ್ಮೋನನ್ನು ಇಡಿಯಾಗಿಯೇ ಮರಳಿ ಪಡೆದು ಶೇಖರಿಸಿಡುತ್ತದೆ ಎಂಬುದನ್ನು ಜಗತ್ತಿಗೆ ಮೊದಲು ತೋರಿಸಿಕೊಟ್ಟ ನಮ್ಮ ಹೆಮ್ಮೆಯ..."

ನನ್ನ ಕಿವಿ ಬಿಸಿಯಾದವು. ಫೋಟೊಕ್ಕೆ ಹಾಕಿದ ಹಾರ, ಊದುಬತ್ತಿ, ಮುಂದೆ ಅಣ್ಣ. ಈಗ ಎದ್ದರೆ ಸತ್ತವರ ತಪ್ಪನ್ನು ಅವರ ಮನೆಯವರ ಮುಂದೆ ಎತ್ತಿ ಆಡಿದಂತೆ. ಸುಮ್ಮನಿದ್ದರೆ ಅಕ್ಕೋರು ಇಡೀ ಬದುಕಿನಲ್ಲಿ ಪಟ್ಟ ಪಾಡನ್ನು ಒಂದು ವಾಕ್ಯದಲ್ಲಿ ಅಳಿಸಿದಂತೆ. ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದೆ.

"ಕ್ಷಮಿಸಬೇಕು. ಆ ಶೋಧ ತಪ್ಪಾಗಿತ್ತು. ತಪ್ಪು ಎಂದು ಕಂಡುಹಿಡಿದವರೂ ಅಕ್ಕೋರೇ, ಹಿಂದೆಗೆದುಕೊಂಡವರೂ ಅಕ್ಕೋರೇ. ಅದರಲ್ಲಿ ನನ್ನ ಹೆಸರೂ ಇತ್ತು. ದಯವಿಟ್ಟು ಅದನ್ನು ಅವರ ಸಾಧನೆ ಎಂದು ಓದಬೇಡಿ" ಎಂದೆ.

"ಇಂಥಾ ಹೊತ್ತಿನ್ಯಾಗ ಇದು ಬ್ಯಾಡಾಗಿತ್ರಿ ಮೇಡಂ" ಎಂದರು ಪ್ರಿನ್ಸಿಪಾಲರು, ಮೈಕಿನಿಂದ ಬಾಯಿ ಸರಿಸಿ. ಕೂತೆ. ಎಲ್ಲರೂ ಎದ್ದು ಮೌನ ಆಚರಿಸಿದಾಗ ನಾನು ನೆಲ ನೋಡುತ್ತ ನಿಂತಿದ್ದೆ. ಅಣ್ಣನ ಬೆನ್ನು ನೋಡುವ ಧೈರ್ಯವೂ ಇರಲಿಲ್ಲ.

ಮುಗಿದ ಮೇಲೆ ಯಾರಿಗೂ ಸಿಗದಂತೆ ಹೊರಟವಳನ್ನು ಹಿಂದಿನಿಂದ ಯಾರೋ ಕರೆದರು.

"ಬಾಯಾರ, ಸ್ವಲ್ಪ ನಿಂದರ್ರಿ."

ಅಣ್ಣ ಬರುತ್ತಿದ್ದರು. ಬೈಗಳಿಗೆ ಸಿದ್ಧಳಾಗಿ ನಿಂತೆ.

"ಅವತ್ತ ಅಕಿ ಕೂಡ ನಂದಗಡಕ್ಕ ಬಂದಾವ್ರು ನೀವ ಅಲ್ರಿ?"

"ಹೌದ್ರಿ ಕಾಕಾ. ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ. ನಿಮ್ಮ ಮುಂದ ಹಂಗ ಅನಬಾರದಿತ್ತು..."

"ಅದಲ್ರಿ" ಎಂದು ಕೈ ಅಡ್ಡ ಮಾಡಿದರು. ಮೆಟ್ಟಿಲ ಮೇಲೆ ಕೂತರು. ನಾನೂ ಒಂದು ಮೆಟ್ಟಿಲು ಕೆಳಗೆ ಕೂತೆ. ಸ್ವಲ್ಪ ಹೊತ್ತು ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಖರೇ ಏನಾಗತೈತ್ರಿ ಒಳಗ? ಅಕಿ ಹೇಳಾಕ ಹತ್ತಿದ್ಲು. ನಾ ಬಿಡಲಿಲ್ಲ."

ನಾನು ಅವರ ಕಡೆ ತಿರುಗಿ ಕೂತೆ. "ಕೋಶ ಐತೆಲ್ರಿ, ತಾ ಹೊರಗ ಬಿಟ್ಟ ಹಾರ್ಮೋನಿನ್ಯಾಗ ಸ್ವಲ್ಪ ತಿರುಗಿ ಒಳಗ ತೊಗೋತೈತ್ರಿ. ಅಷ್ಟು ಅಕ್ಕೋರು ಮೊದಲ ಹೇಳಿದ್ದು ಬರೋಬ್ಬರಿನ ಇತ್ತು. ಆದ್ರ ಇಡೀದು ಇಟ್ಟಕೊಳ್ಳಂಗಿಲ್ರಿ. ಒಳಗ ಆಮ್ಲ ತುಂಬಿದ ಒಂದ್ ಸಣ್ಣ ಚೀಲ ಇರತೈತಿ, ಅದರಾಗ ಹಾಕಿ ತುಣುಕ ತುಣುಕ ಮಾಡತೈತಿ. ಆ ತುಣುಕ ಮತ್ತ ಹೊಸಾದು ಕಟ್ಟಾಕ ಬರ್ತಾವು. ಅವತ್ತ ಇದನ್ನಽ ಹೇಳಾಕ ಹೊಂಟಿದ್ರು."

ಅವರು ತಲೆ ತಗ್ಗಿಸಿ ಕೇಳಿದರು. ಎಷ್ಟು ತಿಳಿಯಿತೋ ಗೊತ್ತಿಲ್ಲ, ಆದರೆ ನಡುವೆ ತಡೆಯಲಿಲ್ಲ, ಕೊನೆಯ ತನಕ ಕೇಳಿದರು.

"ಇಷ್ಟ?"

"ಇಷ್ಟರಿ."

"ಇಷ್ಟ ಹೇಳಾಕ ಬಂದಿದ್ಲು." ಅವರು ಎದುರಿನ ಗೋಡೆಯನ್ನು ನೋಡುತ್ತ ಹೇಳಿದರು. "ನಮ್ಮ ಮನಿ ಬಸ್ ಸ್ಟ್ಯಾಂಡಿನ ಬಾಜೂಕಽ ಐತ್ರಿ. ನೀವಿಬ್ರೂ ಬಸ್ ಬರೂತನಕ ಬಿಸಲಾಗ ನಿಂತಿದ್ರಿ. ನಾ ಬಾಗಲಾ ಹಾಕ್ಕೊಂಡು, ಕಿಡಿಕ್ಯಾಗಿಂದ ನೋಡ್ಕೋತ ಕುಂತಿದ್ನಿ. ಕರದು ಒಂದ್ ಕಪ್ ಚಾ ಕೊಡಲಿಲ್ಲ."